ಗೊಬ್ಬರದ ಖಾಲಾ

ಉದ್ದನೆಯ, ತುದಿಯಲ್ಲಿ ತುಸು ಎಡಕ್ಕೆ ವಾಲಿದ ಮೂಗು. ಅದರಲ್ಲಿ ಬಿಳಿ ಕಲ್ಲಿನ ಮೂಗುಬೊಟ್ಟು. ಖಾಲಾ ಗೊಬ್ಬರದ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಕಪ್ಪು ಗೊಬ್ಬರ ಎತ್ತಿ ಆ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು. ಮಲ್ಲಿಗೆ ದಂಡೆ ಮೂಸುವವರೂ ಅಷ್ಟು ತನ್ಮಯರಾಗಿರುವುದನ್ನು ನಾನು ಕಂಡಿಲ್ಲ. "ಆಯ್ತು, ಇದು ಆಯ್ತು" ಎಂದು ಏಳುತ್ತಿದ್ದರು, ಮದುವೆ ಮನೆಯಲ್ಲಿ ಬಿರಿಯಾನಿಯ ದಮ್ಮು ಇಳಿಸುವಾಗ ಅಡುಗೆಯವರು ಹೇಳುವ ದನಿಯಲ್ಲಿ. ಇನ್ನೂ ಆಗದಿದ್ದರೆ ಮೂಗು ಸೊಟ್ಟ ಮಾಡಿ ಹಿಡಿಯನ್ನು ಮತ್ತೆ ಗುಂಡಿಗೇ ಹಾಕಿ, ಮೇಲೆ ಗೋಣಿ ಹೊದಿಸುತ್ತಿದ್ದರು.

ನಾನು ಮದುವೆಯಾಗಿ ಮಂಚೇನಹಳ್ಳಿಯಿಂದ ಆ ಊರಿಗೆ ಹೋದದ್ದು ಎಂಬತ್ತರ ದಶಕದ ಮೊದಲಲ್ಲಿ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಊರು; ಆಗ ಅದೆಲ್ಲ ಕೋಲಾರ ಜಿಲ್ಲೆ. ಊರಿನ ಹೆಸರು ಬೇಡ, ಅವರ ಬಂಧುಗಳು ಇನ್ನೂ ಅಲ್ಲಿದ್ದಾರೆ. ನನ್ನ ಯಜಮಾನರಿಗೆ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಕೆಲಸ. ನಮ್ಮದು ಬಾಡಿಗೆ ಮನೆ, ಪಕ್ಕದ್ದು ಅವರದು. ಬೀದಿಯ ಮಕ್ಕಳೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದರು. ಚಿಕ್ಕಮ್ಮ ಎಂದು ಅದರ ಅರ್ಥ. ನಾನೂ ಹಾಗೇ ಕರೆದೆ.

ಅವರ ಗಂಡ ಇದ್ದಾಗ ಮನೆಯ ಹಿಂದಿನ ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದರಂತೆ. ಬೇಯಿಸಿದ ಗೂಡಿನಿಂದ ಎಳೆ ಬಿಚ್ಚಿದ ಮೇಲೆ ಉಳಿಯುವ ಹುಳುಗಳ ನಾತ ಆ ಬೀದಿಯ ಗೋಡೆಗಳಿಗೇ ಅಂಟಿಕೊಂಡಿತ್ತು. ಗಂಡ ಹೋದ ಮೇಲೆ ಖಾಲಾ ಆ ಕೆಲಸ ನಡೆಸಲು ನೋಡಿದರು, ಆಗಲಿಲ್ಲ. ಒಬ್ಬಳೇ ಮಗಳು, ಗೌರಿಬಿದನೂರಿಗೆ ಕೊಟ್ಟಿದ್ದರು. ಶೆಡ್ಡು ಬಳಕೆಯಿಲ್ಲದೆ ಬಿದ್ದಿತ್ತು. ಹಿಂದೆ ಗುಂಡಿಯಲ್ಲಿ ಸುರಿದಿದ್ದ ಹುಳು, ಬೂದಿ, ಅಡುಗೆ ಮನೆ ಕಸ ಎಲ್ಲ ಕೊಳೆತು ಮಣ್ಣಾಗಿದ್ದನ್ನು ಮೇಲೂರಿನ ರೈತನೊಬ್ಬ ನೋಡಿ, ಗಾಡಿಯಲ್ಲಿ ತುಂಬಿಕೊಂಡು ಹೋಗಿ ಹಿಪ್ಪುನೇರಳೆ ತೋಟಕ್ಕೆ ಹಾಕಿದ. ಮುಂದಿನ ಬೆಳೆಗೆ ಮತ್ತೆ ಬಂದು, "ಇನ್ನೂ ಐತಾ ಅಮ್ಮ?" ಎಂದು ಕೇಳಿದ. ಖಾಲಾ ಅವರ ವ್ಯಾಪಾರ ಶುರುವಾದದ್ದು ಹಾಗೆ.

ನನಗೂ ಅವರಿಗೂ ಮೊದಲ ಮಾತಾದದ್ದು ಒಡೆದ ಬಳೆ ಚೂರುಗಳ ವಿಷಯಕ್ಕೆ. ನಾನು ಕಸವನ್ನು ಹಿತ್ತಲಲ್ಲಿಡುತ್ತಿದ್ದೆ, ಅವರು ಬಂದು ಒಯ್ಯುತ್ತಿದ್ದರು. ಒಂದು ಬೆಳಿಗ್ಗೆ ಬಾಗಿಲಿಗೆ ಬಂದು ಕಾಗದದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟರು. ಬಿಚ್ಚಿದರೆ ನನ್ನದೇ ಹಸಿರು ಬಳೆಯ ಚೂರುಗಳು, ತೊಳೆದು ಒರೆಸಿದ್ದವು.

"ಇದು ನಿಮ್ಮನೇದು ಕಣಮ್ಮ. ಮಣ್ಣಿಗೆ ಕೊಟ್ಟೆ, ಬೇಡ ಅಂತು" ಎಂದರು.

ಬಯ್ಯಲು ಬಂದಿದ್ದಾರೋ ತಮಾಷೆಗೋ ತಿಳಿಯದೆ ನಾನು ನಿಂತೆ. ಅವರು ಒಳಗೆ ಬಂದು, ಅಡುಗೆ ಮನೆಯ ಮೂಲೆಯಲ್ಲಿ ಎರಡು ಎಣ್ಣೆ ಡಬ್ಬ ತಾವೇ ಇಟ್ಟು, "ಕೊಳೆಯೋದು ಇದಕ್ಕೆ, ಕೊಳೀದೆ ಇರೋದು ಅದಕ್ಕೆ. ಇಷ್ಟೇ ಬೇಟಿ" ಎಂದು, ಮಗಳನ್ನು ಕರೆಯುವ ಹಾಗೆ ಕರೆದು ಹೋದರು.

ಬೀದಿಯ ಎಲ್ಲ ಮನೆಗಳಲ್ಲೂ ಹೀಗೇ ಎರಡು ಡಬ್ಬ ಇಡಿಸಿದ್ದರು. ಬೆಳಿಗ್ಗೆ ತಳ್ಳುಗಾಡಿ ಹಿಡಿದು ಬರುವರು. ಪ್ರತಿ ಮನೆಯ ಮುಂದೆ ಡಬ್ಬವನ್ನು ಗೋಣಿಯ ಮೇಲೆ ಬೋರಲು ಹಾಕಿ, ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳುವರು. "ಈ ಮನೆ ಕಸ ನೋಡಿ, ತಾಂಬೂಲದ ತಟ್ಟೆ ಇದ್ದಂಗಿದೆ" ಎಂದರೆ ಆ ಮನೆಯ ಹೆಂಗಸಿಗೆ ದಿನವೆಲ್ಲ ಹಿಗ್ಗು. ಏನಾದರೂ ತಪ್ಪು ಬಿದ್ದಿದ್ದರೆ ಅದನ್ನು ಹೆಕ್ಕಿ ಮೆಟ್ಟಿಲ ಮೇಲಿಟ್ಟು ಸುಮ್ಮನೆ ಮುಂದಿನ ಮನೆಗೆ ಹೋಗುವರು. ಮೂಲೆ ಮನೆಯ ಮಡಿ ಅಜ್ಜಿ ಮೊದಮೊದಲು ಡಬ್ಬವನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಮೇಲೆ ಅವರೇ ತುಳಸಿ ಕಟ್ಟೆಗೆ ಒಂದು ಬುಟ್ಟಿ ಗೊಬ್ಬರ ಬೇಕೆಂದು ಬಾಗಿಲಲ್ಲಿ ಕಾದು ನಿಂತರು. ರಂಜಾನಿಗೆ ಖಾಲಾ ಕಸ ಕೊಟ್ಟ ಮನೆಗಳಿಗೆಲ್ಲ ಹಾಲು ಶ್ಯಾವಿಗೆಯ ಶೀರ್ ಖುರ್ಮಾ ಕಳಿಸುವರು. ತಿನ್ನದವರ ಮನೆಗೆ ಬಾಳೆಹಣ್ಣು.

ಅವರ ಋಣ ನನ್ನ ಮೇಲೆ ಬಿದ್ದದ್ದು ನನ್ನ ಮೊದಲ ಮಗು ಹೋದಾಗ. ಹೆಣ್ಣು ಮಗು, ಹೆಸರಿಡುವ ಮುಂಚೆಯೇ ಹೋಯಿತು. ತವರಿನವರು ಬಂದು ಅತ್ತು ಹೋದರು. ನಾನು ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ತಲೆ ಬಾಚಲಿಲ್ಲ, ಒಲೆ ಹಚ್ಚಲಿಲ್ಲ. ಯಜಮಾನರು ಹೋಟೆಲಿನಿಂದ ಇಡ್ಲಿ ತಂದಿಟ್ಟು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಖಾಲಾ ಒಂದು ದಿನ ಬಂದು, ಸಮಾಧಾನದ ಮಾತು ಒಂದನ್ನೂ ಆಡದೆ, ನನ್ನ ರಟ್ಟೆ ಹಿಡಿದು ಎಬ್ಬಿಸಿ ತಮ್ಮ ಹಿತ್ತಲ ಶೆಡ್ಡಿಗೆ ಕರೆದುಕೊಂಡು ಹೋದರು. ಗೊಬ್ಬರ ಜಾಲಿಸುವ ಜರಡಿಯ ಮುಂದೆ ಕೂರಿಸಿದರು.

"ನನಗಾಗಲ್ಲ ಖಾಲಾ, ಮನಸ್ಸಿಲ್ಲ" ಎಂದೆ.

"ಮನಸ್ಸನ್ನ ಯಾರು ಕರೆದ್ರು? ಅದು ಅಲ್ಲೇ ಇರ್ಲಿ. ಕೈ ತಗೊಂಬಾ" ಎಂದರು.

ಆ ದಿನ ನಾನು ಜರಡಿ ಹಿಡಿದೆ. ಮರುದಿನವೂ ಹೋದೆ. ಆಮೇಲೆ ಅದೇ ನನ್ನ ಕೆಲಸವಾಯಿತು. ಮುಂದೆ ಇಬ್ಬರು ಗಂಡು ಮಕ್ಕಳಾದರು. ಆದರೂ ಮಧ್ಯಾಹ್ನ ಹೊತ್ತು ಶೆಡ್ಡಿಗೆ ಹೋಗಿ ಕೂರುವುದು ತಪ್ಪಲಿಲ್ಲ. ಇವತ್ತು ನಾನು ನೆಟ್ಟಗೆ ನಿಂತಿದ್ದೇನೆ ಅಂದರೆ ಅದಕ್ಕೆ ಆ ಹೆಂಗಸು ಕಾರಣ. ಇದನ್ನು ಅವರಿಗೆ ಬಾಯಿ ಬಿಟ್ಟು ಹೇಳಿದ್ದೇನೋ ಇಲ್ಲವೋ, ನೆನಪಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಗೊಬ್ಬರಕ್ಕೆ ಜನ ಕಾಯುತ್ತಿದ್ದರು. ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ತೋಟದವರು ಲಾರಿ ತರುತ್ತಿದ್ದರು. ಹಳೆಯ ಗಿರಾಕಿಗಳಲ್ಲಿ ಅವರಿಗೆ ಇಷ್ಟದವಳು ಮೇಲೂರಿನ ಮುನಿರತ್ನಮ್ಮ, ಮೊದಲು ಗಾಡಿ ತಂದಿದ್ದ ಆ ರೈತನ ಸೊಸೆ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುವ ಗಟ್ಟಿ ಹೆಂಗಸು. ತೋಟ, ರೇಷ್ಮೆ ಹುಳುಮನೆ ಎರಡೂ ಆಕೆಯ ಕೈಯಲ್ಲಿದ್ದವು. ಬಂದರೆ ಖಾಲಾ ಜೊತೆ ನೆಲದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡೇ ಹೋಗುವುದು. "ನಿಮ್ಮ ಗೊಬ್ರ ಹಾಕಿದ ಸೊಪ್ಪು ಹುಳ ತಿನ್ನೋ ಸದ್ದೇ ಬೇರೆ ಖಾಲಾ" ಎನ್ನುತ್ತಿದ್ದಳು. ಹುಳು ಎಲೆ ಮೇಯುವ ಸದ್ದು ಮಳೆ ಬಿದ್ದಂತೆ ಇರುತ್ತದೆ. ಖಾಲಾ ಆ ಮಾತು ಕೇಳಿದ ದಿನ ನನಗೂ ಹತ್ತು ಸಲ ಹೇಳುವರು.

ಇದೆಲ್ಲ ಪುರಸಭೆಯ ಕಣ್ಣಿಗೆ ಬಿದ್ದದ್ದು ತೊಂಬತ್ತರ ದಶಕದಲ್ಲಿ. ಹೊಸದಾಗಿ ಬಂದ ಮುಖ್ಯಾಧಿಕಾರಿ ಒಳ್ಳೆಯವರೇ. ಸ್ವತಃ ಶೆಡ್ಡಿಗೆ ಬಂದರು, ಗುಂಡಿಗೆ ಕೈ ಹಾಕಿ ನೋಡಿದರು, ಖಾಲಾ ಕೊಟ್ಟ ಚಹಾ ಕುಡಿದರು. "ಒಂದು ಬೀದೀಲಿ ಆಗೋದು ಇಡೀ ಊರಲ್ಲಿ ಯಾಕಾಗಬಾರದು?" ಎಂದರು. ಸ್ವಲ್ಪ ದಿನಕ್ಕೇ ನಿಯಮ ಬಂತು. ಊರಿನ ಪ್ರತಿ ಮನೆಯವರೂ ಹಸಿ ಕಸ, ಒಣ ಕಸ ಬೇರೆ ಮಾಡಬೇಕು, ಮಾಡದವರಿಗೆ ದಂಡ. ಹಸಿ ಕಸವೆಲ್ಲ ಖಾಲಾ ಅವರ ಗೊಬ್ಬರದ ಕೆಲಸಕ್ಕೆ ಎಂದು ಒಪ್ಪಂದವಾಯಿತು. ಆಟೋದಲ್ಲಿ ಮೈಕು ಕಟ್ಟಿ ಸಾರಿದರು. ಗೋಡೆಗಳ ಮೇಲೆ ಬರೆಸಿದರು.

ಖಾಲಾ ಅಷ್ಟು ಖುಷಿಯಾಗಿದ್ದನ್ನು ನಾನು ಆಮೇಲೆ ನೋಡಲಿಲ್ಲ. ಗಂಡನ ಕಾಲದ ನೂಲಿನ ಯಂತ್ರಗಳನ್ನು ಮಾರಿಬಿಟ್ಟರು. ಕೆರೆ ಏರಿಯ ಕೆಳಗೆ ಜಾಗ ಗುತ್ತಿಗೆಗೆ ಹಿಡಿದು, ದೊಡ್ಡ ದೊಡ್ಡ ಗುಂಡಿ ತೋಡಿಸಿ, ಮೇಲೆ ಶೀಟು ಹಾಕಿಸಿದರು. ಕೆಲಸಕ್ಕೆ ಹೆಂಗಸರನ್ನು ಇಟ್ಟುಕೊಂಡರು. "ಇಡೀ ಊರು ಬೇಟಿ. ಇಡೀ ಊರಿನ ಕಸ ತೋಟ ಆಗುತ್ತೆ" ಎಂದು ನನ್ನ ಕೈ ಹಿಡಿದುಕೊಂಡು ಹೇಳಿದರು.

ನಿಯಮದಲ್ಲಿ ಇನ್ನೊಂದು ಸಾಲಿತ್ತು. ಕಸ ಎತ್ತುವ ಹಕ್ಕು ಇನ್ನು ಪುರಸಭೆಗೆ ಮಾತ್ರ. ಖಾಲಾ ಅವರ ತಳ್ಳುಗಾಡಿ ಬೀದಿಗೆ ಬರುವಂತಿಲ್ಲ. ಅವರು ಹೋಗಿ ಕೇಳಿದರು. "ನೀವ್ಯಾಕೆ ತಿರುಗ್ತೀರ, ಟ್ರಾಕ್ಟರ್ ನಿಮ್ಮ ಬಾಗಿಲಿಗೇ ತಂದು ಸುರಿಯುತ್ತೆ" ಎಂದರಂತೆ ಅಧಿಕಾರಿ. ಅದೂ ಸರಿ ಅನ್ನಿಸಿತು ಅವರಿಗೆ.

ಮೊದಲ ದಿನ ಟ್ರಾಕ್ಟರ್ ಬಂದಾಗ ನಾವೆಲ್ಲ ಎರಡೆರಡು ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದೆವು. ಕೂಲಿಯವನು ನನ್ನ ಹಸಿ ಕಸ ತೆಗೆದುಕೊಂಡು ಟ್ರೈಲರಿಗೆ ಎಸೆದ. ಒಣ ಕಸ ತೆಗೆದುಕೊಂಡು ಅದರ ಮೇಲೆಯೇ ಎಸೆದ.

"ಅಯ್ಯೋ, ಬೇರೆ ಮಾಡಿಟ್ಟಿದ್ದೀವಲ್ಲಪ್ಪ" ಎಂದೆ.

"ಕೊಟ್ಟಿರೋದು ಒಂದೇ ಟ್ರೈಲರು ಕಣಕ್ಕ. ಎರಡನೇದು ಎಲ್ಲಿಂದ ತರ್ಲಿ?" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.

ಒಂದು ಟ್ರೈಲರಿನ ವಿಷಯ ಸರಿಹೋಗುತ್ತದೆ ಎಂದು ಅಧಿಕಾರಿ ಹೇಳುತ್ತಲೇ ಇದ್ದರು, ಅಷ್ಟರಲ್ಲಿ ಅವರಿಗೆ ವರ್ಗವಾಯಿತು. ನಮ್ಮ ಬೀದಿಯ ಹೆಂಗಸರು ಕೆಲವು ವಾರ ಹಾಗೂ ಹೀಗೂ ಬೇರೆ ಮಾಡಿದರು. ಕಣ್ಣೆದುರೇ ಬೆರೆಯುವುದನ್ನು ಎಷ್ಟು ದಿನ ನೋಡಿಯಾರು? ಒಬ್ಬೊಬ್ಬರೇ ಬಿಟ್ಟರು. ಬೇರೆ ಬೀದಿಗಳಲ್ಲಿ ಶುರುವೇ ಆಗಿರಲಿಲ್ಲ. ದಂಡ ಹಾಕಲು ಬಂದಾಗ ಮಾತ್ರ ಸಿಟ್ಟು ಹುಟ್ಟಿತು. ಅದು ಪುರಸಭೆಯ ಮೇಲೆ ತಿರುಗಲಿಲ್ಲ.

"ಆ ಸಾಬರ ಹೆಂಗಸಿನ ವ್ಯಾಪಾರಕ್ಕೆ ನಾವು ಕಸ ಆರಿಸಿಕೊಡಬೇಕಾ?" ಎಂದು ನಲ್ಲಿಯ ಹತ್ತಿರ ಒಬ್ಬಾಕೆ ಅಂದಳು. ಪ್ರತಿ ರಂಜಾನಿನಲ್ಲಿ ಖಾಲಾ ಮನೆಯ ಪಾತ್ರೆ ಆಕೆಯ ಮನೆಗೂ ಹೋಗುತ್ತಿತ್ತು. ಖಾಲಾ ಬಿಂದಿಗೆ ಹಿಡಿದು ಹಿಂದೆಯೇ ನಿಂತಿದ್ದರು. ಕೇಳಿಸಿಕೊಂಡರು. ಸರದಿ ಬಂದಾಗ ನೀರು ಹಿಡಿದುಕೊಂಡು ಮನೆಗೆ ಬಂದರು.

ಅದೇ ವರ್ಷಗಳಲ್ಲಿ ಅಂಗಡಿಗಳಿಗೆ ಪ್ಲಾಸ್ಟಿಕ್ ಚೀಲ ಬಂದಿತ್ತು. ತರಕಾರಿ ಸಿಪ್ಪೆಯನ್ನು ಚೀಲದಲ್ಲಿ ಗಂಟು ಕಟ್ಟಿ, ಅದರೊಳಗೇ ಬ್ಲೇಡು, ಸುಟ್ಟ ಬಲ್ಬು, ಔಷಧಿ ಸೀಸೆ ಹಾಕಿ ಎಸೆಯುವರು. ಕೆರೆ ಏರಿಯ ಕೆಳಗಿನ ಜಾಗದಲ್ಲಿ ಟ್ರಾಕ್ಟರ್ ದಿನವೂ ಅದನ್ನು ಸುರಿದು ಹೋಗುತ್ತಿತ್ತು. ಬೇಡ ಎನ್ನುವ ಹಾಗಿರಲಿಲ್ಲ. ಖಾಲಾ ಹೊಸ ಅಧಿಕಾರಿಯನ್ನು ಕಾಣಲು ಹೋದಾಗ ನಾನೂ ಜೊತೆಗಿದ್ದೆ.

"ಸುರಿದದ್ದನ್ನ ತಗೋತೀನಿ ಅಂತ ನೀವೇ ಒಪ್ಪಿದ್ದೀರಲ್ಲಮ್ಮ" ಎಂದರು ಅವರು.

"ಒಪ್ಪಿದ್ದು ಹಸಿ ಕಸಕ್ಕೆ ಸಾರ್."

"ಜನ ಬೇರೆ ಮಾಡ್ತಾರೆ ಅಂತ ನಿಯಮ ಇದೆ. ಅಂದ್ಮೇಲೆ ಅದು ಹಸಿ ಕಸಾನೇ."

ಹೊರಗೆ ಬಂದ ಖಾಲಾ ಕಾಂಪೌಂಡಿನ ಗೋಡೆಯ ಮೇಲೆ ಬರೆಸಿದ್ದ ನಿಯಮದ ಮುಂದೆ ಸ್ವಲ್ಪ ಹೊತ್ತು ನಿಂತರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಓದಿ ಹೇಳು ಎಂದು ನನ್ನನ್ನೂ ಕೇಳಲಿಲ್ಲ.

ಬಿಟ್ಟುಬಿಡಿ ಎಂದು ನಾನು ಹೇಳಿದೆ. ಅವರು ಬಿಡಲಿಲ್ಲ. ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಕೂಲಿ ಹೆಂಗಸರ ಜೊತೆ ಕೂತು ಕೈಯಲ್ಲಿ ಆರಿಸಿದರು. ನಾನೂ ಕೂತೆ. ಎಷ್ಟು ಆರಿಸಿದರೂ ಮರುದಿನ ಅದಕ್ಕಿಂತ ಹೆಚ್ಚು ಬಂದು ಬೀಳುತ್ತಿತ್ತು. ಕೂಲಿಯವರು ನಾತ ತಾಳದೆ ಬಿಟ್ಟು ಹೋದರು. ಜರಡಿ ಹಿಡಿದರೂ ಗೊಬ್ಬರದಲ್ಲಿ ಸಣ್ಣ ಗಾಜು ಉಳಿಯುತ್ತಿತ್ತು, ಬಿಸಿಲಿಗೆ ಮಿಣಮಿಣ ಹೊಳೆಯುತ್ತಿತ್ತು. ದ್ರಾಕ್ಷಿ ತೋಟದವರ ಲಾರಿ ಬರುವುದು ನಿಂತಿತು. ಮುನಿರತ್ನಮ್ಮ ಮಾತ್ರ ಬರುತ್ತಿದ್ದಳು. "ಈ ಸಲ ಚೆನ್ನಾಗಿಲ್ಲ ಕಣೇ, ಬೇಡ" ಎಂದು ಖಾಲಾ ಹೇಳಿದರೂ ಕೇಳದೆ ಗಾಡಿ ತುಂಬಿಸಿಕೊಂಡು ಹೋದಳು.

ಆ ಗಾಡಿಯ ಗೊಬ್ಬರವನ್ನೇ ಹಿಪ್ಪುನೇರಳೆ ಸಾಲಿಗೆ ಕೈಯಲ್ಲಿ ಹರಡುವಾಗ ಯಾವುದೋ ಗಾಜು ಅವಳ ಬಲಗೈಗೆ ಆಳವಾಗಿ ಹೊಕ್ಕಿತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಹುಳಕ್ಕೆ ಸೊಪ್ಪು ಹಾಕಿದಳು. ಗಾಯ ಕೀವುಗಟ್ಟಿತು, ಕೈ ಮೊಳಕೈವರೆಗೆ ಊದಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು, ಅಲ್ಲಿಂದ ಬೆಂಗಳೂರಿಗೆ. ಜೀವ ಉಳಿಯಿತು. ಕೈಯೂ ಉಳಿಯಿತು, ಆದರೆ ಬೆರಳುಗಳು ಒಳಕ್ಕೆ ಮಡಿಚಿಕೊಂಡು ಹಾಗೇ ನಿಂತುಬಿಟ್ಟವು. ಮೇಯುವುದು ಮುಗಿಸಿ ಹಣ್ಣಾದ ಹುಳುಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಎತ್ತಿ ಗೂಡು ಕಟ್ಟುವ ತಟ್ಟೆಗೆ ಬಿಡಬೇಕಾದ ಕೈ ಅದು.

ಆಕೆ ಊರಿಗೆ ಮರಳಿದ ಮೇಲೆ ಖಾಲಾ ನನ್ನನ್ನು ಕರೆದುಕೊಂಡು ಮೇಲೂರಿಗೆ ಹೋದರು. ಮನೆಯವರು ಚಾಪೆ ಹಾಸಿದರು, ಅತ್ತೆ ಕಾಫಿ ತಂದರು. ಬೆಳೆ, ಬಿಸಿಲು, ನನ್ನ ಮಕ್ಕಳ ಶಾಲೆ ಎಲ್ಲ ವಿಚಾರಿಸಿದರು. ಕೈಯ ಮಾತು ಒಬ್ಬರೂ ಎತ್ತಲಿಲ್ಲ. ಮುನಿರತ್ನಮ್ಮ ಸೆರಗಿನಡಿಯಲ್ಲಿ ಕೈ ಇಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ಖಾಲಾ ಕಾಫಿ ಲೋಟವನ್ನೇ ನೋಡುತ್ತಿದ್ದರು. ಅದು ಆರಿ ಕೆನೆ ಕಟ್ಟಿತು. ಹೊರಡುವಾಗಲೂ ಅವರು ಆಕೆಯ ಮುಖ ನೋಡಲಿಲ್ಲ. ಬಸ್ಸಿಗೆ ಕಾಯುತ್ತಾ ನಿಂತಾಗ, "ಬೈದಿದ್ರೆ ಚೆನ್ನಾಗಿತ್ತು" ಎಂದಷ್ಟೇ ಹೇಳಿದರು.

ಅಲ್ಲಿಗೆ ಕೆಲಸ ನಿಲ್ಲಿಸಿದರು. ಟ್ರಾಕ್ಟರ್ ನಿಲ್ಲಲಿಲ್ಲ, ಒಪ್ಪಂದ ಇದೆ, ಜಾಗವೂ ಅಭ್ಯಾಸವಾಗಿದೆ ಎಂದು ಸುರಿಯುತ್ತಲೇ ಹೋಯಿತು. ಗುಂಡಿ ತುಂಬಿತು, ಶೀಟು ಮುರಿದು ಬಿತ್ತು. ಯಾರೋ ಬೆಂಕಿ ಹಾಕಿದರು. ಆ ಹೊಗೆ ನಮ್ಮ ಬೀದಿಗೂ ಬರುತ್ತಿತ್ತು. ಆ ಬೆಂಕಿಯನ್ನೂ ಖಾಲಾ ಅವರೇ ಹಾಕಿಸಿದರೆಂದು ಕೆಲವರು ಹೇಳಿದರು.

ಖಾಲಾ ಹೊರಗೆ ಬರುವುದು ಬಿಟ್ಟರು. ನಾನು ಹೋದರೆ ಬಾಗಿಲು ತೆಗೆಯುತ್ತಿದ್ದರು, ಕೂತುಕೋ ಎನ್ನುತ್ತಿದ್ದರು, ಅಷ್ಟೇ. ಅನ್ನ ಇಟ್ಟರೆ ಎರಡು ತುತ್ತು. ನನ್ನ ಕೈಲಿ ಏನು ಮಾಡಲು ಸಾಧ್ಯವಿತ್ತೋ ಮಾಡಿದೆ. ಯಾವುದೂ ಅವರನ್ನು ಮುಟ್ಟಲಿಲ್ಲ. ಕೊನೆಗೆ ಮಗಳು ಬಂದು ಗೌರಿಬಿದನೂರಿಗೆ ಕರೆದುಕೊಂಡು ಹೋದಳು.

ಅಲ್ಲಿಗೆ ಒಮ್ಮೆ ಹೋಗಿದ್ದೆ. ಕಿಟಕಿಯ ಹತ್ತಿರ ಮಂಚ, ಅದರ ಮೇಲೆ ಮಗುವಿನಷ್ಟಾಗಿ ಕೂತಿದ್ದರು. ಮಗಳು ಸಿಪ್ಪೆ, ಕಾಗದ, ಮುರಿದ ಬಾಚಣಿಗೆ ಎಲ್ಲ ಒಂದೇ ಬುಟ್ಟಿಗೆ ಗುಡಿಸಿ ಹಾಕುತ್ತಿದ್ದಳು. ಅವರು ನೋಡುತ್ತಿದ್ದರು. ಆಮೇಲೆ ತಾವಾಗಿಯೇ ಮಾತಾಡಿದರು.

"ನಾವು ನಾವೇ ಹೇಳ್ಕೊಂಡು ಮಾಡ್ತಿದ್ದಾಗ ನಡೀತು ಬೇಟಿ. ಹುಕುಂ ಅಂತ ಆದ್ಮೇಲೆ ಯಾರೂ ಯಾರ ಜೊತೇನೂ ಮಾತಾಡ್ಲಿಲ್ಲ. ನಾನು ದೊಡ್ಡದಾಗ್ಲಿ ಅಂತ ಆಸೆ ಪಟ್ಟೆ. ಅವಳ ಕೈ ಹೋಯ್ತು."

"ನೀವು ಮಾಡಿದ್ದಲ್ಲ ಖಾಲಾ ಅದು."

"ಮತ್ಯಾರು?" ಎಂದರು. ನಿಯಮಕ್ಕೆ ಮುಖವಿರುವುದಿಲ್ಲ.

ಖಾಲಾ ತೀರಿಕೊಂಡ ಸುದ್ದಿ ಬೀದಿ ಕೊನೆಯ ಫೋನ್ ಬೂತಿಗೆ ಬಂತು. ಮೇಲೂರಿಗೆ ಹೋಗುತ್ತಿದ್ದ ಒಬ್ಬರ ಹತ್ತಿರ ಮುನಿರತ್ನಮ್ಮನಿಗೆ ಹೇಳಿ ಕಳಿಸಿ ನಾನು ಹೊರಟೆ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಗೌರಿಬಿದನೂರಿನ ಬಸ್ಸಿಗೆ ಕಾಯುತ್ತಿದ್ದಾಗ ಮುನಿರತ್ನಮ್ಮ ಬಂದು ಪಕ್ಕದಲ್ಲಿ ನಿಂತಳು.

ನಾವು ತಲುಪಿದಾಗ ಮೈ ತೊಳೆದು ಬಿಳಿ ಬಟ್ಟೆ ಹೊದಿಸಿದ್ದರು. ಹೆಂಗಸರೆಲ್ಲ ಒಳಕೋಣೆಯಲ್ಲಿದ್ದರು. ಮುಖ ನೋಡಲು ಜಾಗ ಬಿಟ್ಟರು. ಮುನಿರತ್ನಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಮಗಳಿಗೆ ಆಕೆಯ ಗುರುತಿರಲಿಲ್ಲ.

"ಯಾರು ಇವ್ರು?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮುಂಚೆ ಮುನಿರತ್ನಮ್ಮನೇ ಹೇಳಿದಳು. "ಗೊಬ್ರ ತಗೋತಿದ್ದೋಳಮ್ಮ."

ಗಂಡಸರು ಎತ್ತಿಕೊಂಡು ಹೋದ ಮೇಲೆ ನಾವು ಹೊರಟೆವು. ಬಸ್ಸಿನಲ್ಲಿ ಮುನಿರತ್ನಮ್ಮ ಮೆಲ್ಲಗೆ ಶುರು ಮಾಡಿದಳು.

"ನಾನು ಒಂದ್ಸಲ ನಿಮ್ಮೂರಿಗೆ ಬಂದಿದ್ದೆ ಅಕ್ಕ. ಕೈ ವಾಸಿ ಆದ್ಮೇಲೆ. ಬಾಗ್ಲು ತಟ್ಟಿದೆ, ತೆಗೀಲಿಲ್ಲ. ಒಳಗೇ ಇದ್ರು, ಕೆಮ್ಮಿದ್ದು ಕೇಳಿಸ್ತು. ನಾನು ಅಂತ ಗೊತ್ತಾಗಿ ತೆಗೀಲಿಲ್ಲ ಅನ್ಸುತ್ತೆ. ಮೆಟ್ಲ ಮೇಲೆ ಕೂತಿದ್ದು ಬಸ್ಸಿಗೆ ಹೊತ್ತಾಯ್ತು ಅಂತ ಬಂದ್ಬಿಟ್ಟೆ."

"ಏನು ಹೇಳಬೇಕು ಅಂತ ಬಂದಿದ್ದೆ?" ಎಂದೆ.

"ಹೇಳೋದೇನು. ಇನ್ನೊಂದು ಗಾಡಿ ಗೊಬ್ರ ಕೊಡಿ, ಗಾಜು ನಾವೇ ಆರಿಸ್ಕೊಳ್ತೀವಿ, ನಿಲ್ಲಿಸ್ಬೇಡಿ ಅಂತ ಕೇಳೋಕೆ ಬಂದಿದ್ದೆ."

ಬಸ್ಸು ಮಂಚೇನಹಳ್ಳಿಯಲ್ಲಿ ನಿಂತಿತು. ನನ್ನ ತವರೂರು. ಯಾರೋ ಗುರುತಿನವರು ಕೆಳಗಿನಿಂದ ನನ್ನ ಹೆಸರು ಹಿಡಿದು ಕೂಗಿದರು. ನನಗೆ ಓಗೊಡಲು ಆಗಲಿಲ್ಲ.